ಮನೆಮದ್ದಿಗೂ ಒಂದು ಗಡುವಿದೆ

(ರೋಗಿಗಳು ಮತ್ತು ಅವರ ಬಂಧುಗಳಿಗಾಗಿ ಆಸ್ಪತ್ರೆಯ ಪ್ರಾರ್ಥನಾ ಮಂದಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹೊರರೋಗಿಗಳ ವಿಭಾಗದಲ್ಲಿ ನಾವು ದಿನವೂ ಕೇಳುವ ಪ್ರಶ್ನೆ ಒಂದಿದೆ: "ಇಲ್ಲಿಗೆ ಬರುವ ಮುಂಚೆ ಏನು ಕೊಟ್ಟಿರಿ?" ಇದಕ್ಕೆ ಬಹಳ ಜನ ನೆಲ ನೋಡುತ್ತಾರೆ. ಡಾಕ್ಟರು ಬೈದಾರು ಎಂಬ ಅಂಜಿಕೆ. ಮನೆಮದ್ದನ್ನು ಹಳಿಯಲು ನಾನು ನಿಂತಿಲ್ಲ. ಮನೆಯಲ್ಲಿ ಹಿರಿಯರು ಮಾಡುವ ಎಷ್ಟೋ ಉಪಚಾರಗಳು ಒಳ್ಳೆಯವೇ. ಆದರೆ ಯಾವ ಉಪಚಾರ ಎಷ್ಟು ಹೊತ್ತಿನವರೆಗೆ, ಎಷ್ಟು ದಿನದವರೆಗೆ ಎಂಬುದು ಗೊತ್ತಿರಬೇಕು. ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ತಪ್ಪು ಮದ್ದಲ್ಲ, "ಇನ್ನೊಂದು ದಿನ ನೋಡೋಣ" ಎಂಬ ಮಾತು.

ಮೊದಲು ವಾಂತಿಭೇದಿಯ ವಿಷಯ ತೆಗೆದುಕೊಳ್ಳೋಣ. ಮಗುವಿಗೆ ಭೇದಿ ಶುರುವಾದರೆ "ನೀರು ಕುಡಿಸಿದರೆ ಇನ್ನೂ ಹೆಚ್ಚಾಗುತ್ತದೆ" ಎಂದು ಕೆಲವು ಮನೆಗಳಲ್ಲಿ ನೀರು, ಹಾಲು, ಊಟ ಎಲ್ಲವನ್ನೂ ಬಂದ್ ಮಾಡುತ್ತಾರೆ. ಇದು ತೀರ ಅಪಾಯ. ಭೇದಿಯಲ್ಲಿ ಮಗು ಸಾಯುವುದು ಸಾಮಾನ್ಯವಾಗಿ ರೋಗಾಣುವಿನಿಂದಲ್ಲ, ಮೈಯೊಳಗಿನ ನೀರು ಮತ್ತು ಲವಣ ಬತ್ತಿಹೋಗುವುದರಿಂದ. ಹೋದಷ್ಟನ್ನು ತುಂಬುತ್ತಾ ಇದ್ದರೆ ಭೇದಿ ತಾನಾಗಿಯೇ ನಿಲ್ಲುವವರೆಗೆ ಮಗು ತಡೆದುಕೊಳ್ಳುತ್ತದೆ.

ಔಷಧಿ ಅಂಗಡಿಯಲ್ಲೂ ಸರಕಾರಿ ಆಸ್ಪತ್ರೆಯಲ್ಲೂ ಓ.ಆರ್.ಎಸ್. ಪೊಟ್ಟಣ ಸಿಗುತ್ತದೆ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಮ್ಮೆಗೇ ಹಾಕಬೇಕು. ಅರ್ಧ ಪುಡಿ ಒಂದು ಲೋಟಕ್ಕೆ, ಉಳಿದರ್ಧ ನಾಳೆಗೆ ಎಂದು ಮಾಡಬಾರದು. ನೀರು ಕಡಿಮೆಯಾಗಿ ಉಪ್ಪು ಹೆಚ್ಚಾದರೆ ಮಗುವಿಗೆ ಕೆಡುಕಾಗುತ್ತದೆ. ಪೊಟ್ಟಣ ಕೈಗೆ ಸಿಗದ ರಾತ್ರಿಯಲ್ಲಿ ಒಂದು ಲೀಟರ್ ನೀರಿಗೆ 6 ಸಪಾಟಾದ ಚಹಾ ಚಮಚ ಸಕ್ಕರೆ, ಅರ್ಧ ಸಪಾಟಾದ ಚಹಾ ಚಮಚ ಉಪ್ಪು ಕದಡಿ. ನಾಲಿಗೆಯ ಮೇಲಿಟ್ಟು ನೋಡಿ, ಕಣ್ಣೀರಿಗಿಂತ ಉಪ್ಪಾಗಿರಬಾರದು. ಸಕ್ಕರೆ ಹಾಕುವುದು ರುಚಿಗಲ್ಲ. ಸಣ್ಣಕರುಳಿನಲ್ಲಿ ಸಕ್ಕರೆಯ ಅಂಶ ಉಪ್ಪನ್ನು ಜೊತೆಗೆ ಒಳಗೆ ಕರೆದೊಯ್ಯುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಬರೀ ನೀರು ಕುಡಿಸಿದರೆ ಈ ಕೆಲಸ ಅಷ್ಟು ಚೆನ್ನಾಗಿ ಆಗುವುದಿಲ್ಲ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಿಂದ ನಿಧಾನವಾಗಿ ಶುರು ಮಾಡಿ. ಎದೆಹಾಲು ನಿಲ್ಲಿಸಬೇಡಿ. ಗಂಜಿ, ಮಜ್ಜಿಗೆ, ಮೆತ್ತಗಿನ ಅನ್ನ ಕೊಡಬಹುದು. ಕಲಸಿದ ನೀರು 24 ಗಂಟೆ ದಾಟಿದರೆ ಚೆಲ್ಲಿ. ಭೇದಿ ಕಟ್ಟಿಹಾಕುವ ಮಾತ್ರೆಯನ್ನು ಮಕ್ಕಳಿಗೆ ಅಂಗಡಿಯಿಂದ ತಂದು ನುಂಗಿಸಬೇಡಿ. ಸತುವಿನ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟರೆ, ಭೇದಿ ನಿಂತರೂ ಹೇಳಿದ ದಿನದವರೆಗೆ ಕೊಡಬೇಕು.

ಇನ್ನೊಂದು ಮಾತು. ಬಣ್ಣದ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳ ಮೇಲೂ ಕೆಲವು ಕಂಪನಿಗಳು 'ಓ.ಆರ್.ಎಸ್.' ಎಂಬ ಅಕ್ಷರ ಹಾಕುತ್ತಿದ್ದವು. ಅವುಗಳಲ್ಲಿ ಸಕ್ಕರೆ ಅತಿಯಾಗಿ ಭೇದಿ ಹೆಚ್ಚುವುದೂ ಉಂಟು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಹೆಸರಿನಲ್ಲಿ ಆ ಅಕ್ಷರ ಬಳಸಬಾರದೆಂದು ಆದೇಶಿಸಿತು. ಪೊಟ್ಟಣ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ಎಂದು ಅಂಗಡಿಯವರನ್ನು ಕೇಳಿ.

ಇದು ಬಡವರ ಮದ್ದು ಎಂದು ಕೆಲವರಿಗೆ ತಾತ್ಸಾರ. "ಒಂದು ಬಾಟಲಿ ಏರಿಸಿಬಿಡಿ ಡಾಕ್ಟ್ರೇ" ಎನ್ನುತ್ತಾರೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ತುಂಬಿದ್ದಾಗ ಕಾಲರಾ ಎದ್ದಿತು. ಸಲೈನ್ ಬಾಟಲಿಗಳು ಮುಗಿಯುತ್ತಾ ಬಂದವು. ಡಾ. ದಿಲೀಪ್ ಮಹಲನಬೀಸ್ ಎಂಬ ವೈದ್ಯರು ಉಪ್ಪು ಮತ್ತು ಗ್ಲುಕೋಸನ್ನು ನೀರಿಗೆ ಬೆರೆಸಿ, ರೋಗಿಗಳ ಬಂಧುಗಳ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಸರಕಾರ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು. ಅಂದು ಆ ಲೋಟ ಹಿಡಿದು ಕುಳಿತವರು ನರ್ಸುಗಳಿಗಿಂತ ಹೆಚ್ಚಾಗಿ ತಾಯಿ, ಅಜ್ಜಿ, ಅಣ್ಣಂದಿರು, ಇಲ್ಲಿ ಕುಳಿತ ನಿಮ್ಮಂಥವರೇ.

ಗಡುವು ಯಾವಾಗ? ಕಣ್ಣು ಗುಳಿ ಬಿದ್ದರೆ, ಅತ್ತರೆ ಕಣ್ಣೀರು ಬಾರದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಹಿಂದಕ್ಕೆ ಹೋದರೆ, ಮಗು ಮಂಕಾಗಿ ಕುಡಿಯಲು ಒಲ್ಲೆ ಎಂದರೆ, ಆರು ತಾಸು ಮೂತ್ರ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗುವುದನ್ನು ಕಾಯಬೇಡಿ. ದಾರಿಯುದ್ದಕ್ಕೂ ಚಮಚದಿಂದ ಕುಡಿಸುತ್ತಲೇ ಕರೆತನ್ನಿ.

ನೆಗಡಿ, ಕೆಮ್ಮಿಗೆ ಹೆಚ್ಚು ಹೇಳುವುದಿಲ್ಲ. ಶುಂಠಿ, ತುಳಸಿ, ಮೆಣಸಿನ ಕಷಾಯ ಗಂಟಲಿಗೆ ಹಿತ, ಬಿಸಿನೀರಿನಲ್ಲಿ ಉಪ್ಪು ಹಾಕಿ ಮುಕ್ಕಳಿಸುವುದೂ ಹಿತ. ವಾರದಲ್ಲಿ ನೆಗಡಿ ತಾನೇ ಇಳಿಯುತ್ತದೆ, ಕಳೆದ ಸಲ ಉಳಿದ ಆಂಟಿಬಯಾಟಿಕ್ ಅದಕ್ಕೆ ಬೇಡ. ಜೇನುತುಪ್ಪವನ್ನು ಒಂದು ವರ್ಷ ತುಂಬದ ಕೂಸಿಗೆ ನೆಕ್ಕಿಸಲೇಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುತ್ತದೆ. ಪೂಜೆಗೆ ಇಟ್ಟ ಕರ್ಪೂರ ಮಕ್ಕಳ ಕೈಗೆ ಸಿಗದಿರಲಿ, ಒಂದು ಸಣ್ಣ ಬಿಲ್ಲೆ ನುಂಗಿದರೂ ಫಿಟ್ಸ್ ಬರಬಹುದು. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ, ಕ್ಷಯದ ಪರೀಕ್ಷೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ.

ಜ್ವರಕ್ಕೆ ಕಂಬಳಿ ಹೊದಿಸಿ ಬೆವರಿಸಬೇಡಿ. ತೆಳುವಾದ ಬಟ್ಟೆ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಅರಿವೆಯಿಂದ ಮೈ ಒರೆಸುವುದು, ತೂಕಕ್ಕೆ ತಕ್ಕ ಪ್ಯಾರಸಿಟಮಾಲ್ ಸಾಕು. ಮಳೆಗಾಲದ ಜ್ವರ ಡೆಂಗಿ ಇರಬಹುದು. ಡೆಂಗಿಯಲ್ಲಿ ಆಸ್ಪಿರಿನ್ ಮತ್ತು ಬೇರೆ ನೋವಿನ ಮಾತ್ರೆಗಳು ರಕ್ತಸ್ರಾವ ತರಬಹುದು. ಜ್ವರ ಇಳಿಯಿತು ಎಂದು ಸಮಾಧಾನವಾಗುವ ದಿನವೇ ಡೆಂಗಿ ಉಲ್ಬಣಿಸುವುದುಂಟು. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಸುಸ್ತು ಕಂಡರೆ ಕೂಡಲೇ ಬನ್ನಿ. ಇವಾವೂ ಇಲ್ಲದೆ ಜ್ವರ ಎರಡು ದಿನ ದಾಟಿದರೂ ರಕ್ತಪರೀಕ್ಷೆ ಬೇಕು.

ಸುಟ್ಟ ಗಾಯಕ್ಕೆ ಹಚ್ಚುವುದೇನೆಂದು ಕೇಳುತ್ತೀರಿ. ಟೂತ್‌ಪೇಸ್ಟ್, ಶಾಯಿ, ದೋಸೆ ಹಿಟ್ಟು, ಎಣ್ಣೆ, ಯಾವುದೂ ಬೇಡ. ಬಳೆ, ಉಂಗುರ ತೆಗೆದು ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಮಂಜುಗಡ್ಡೆ ಬೇಡ, ಬೊಬ್ಬೆ ಒಡೆಯಬೇಡಿ. ಗಾಯದ ಮೇಲೆ ವಿಭೂತಿ ಒತ್ತುವ ರೂಢಿ ನಮ್ಮಲ್ಲಿದೆ, ಕೂಸಿನ ಹೊಕ್ಕಳಿಗೂ ಹಾಕುತ್ತಾರೆ. ವಿಭೂತಿಯ ಸ್ಥಾನ ಹಣೆ. ತೆರೆದ ಗಾಯಕ್ಕೆ ಯಾವ ಪುಡಿಯೂ ಬೀಳಬಾರದು, ಹೊಕ್ಕಳು ಒಣಗಿರಲಿ ಅಷ್ಟೆ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಚಾಚಬೇಡಿ. ಮುಂದಕ್ಕೆ ಬಾಗಿ ಕುಳಿತು, ಮೂಗಿನ ಮೆತ್ತಗಿನ ಭಾಗವನ್ನು ಹತ್ತು ನಿಮಿಷ ಬಿಡದೆ ಹಿಸುಕಿ ಹಿಡಿಯಿರಿ. ನಡುವೆ ನಿಂತಿತೇ ಎಂದು ಬಿಟ್ಟು ನೋಡುವವರೇ ಹೆಚ್ಚು.

ಕೊನೆಗೆ 'ಗ್ಯಾಸ್'. ನಮ್ಮ ಜನರಿಗೆ ಎದೆಯಲ್ಲಿ ಏನಾದರೂ ಗ್ಯಾಸ್. ಊಟವಾದ ಮೇಲೆ ಎದೆಯುರಿ, ಹುಳಿತೇಗು ಬರುವುದು ಉಂಟು. ರಾತ್ರಿ ಬೇಗ ಊಟ ಮಾಡಿ, ಮಲಗಲು ಎರಡು ಮೂರು ತಾಸು ಬಿಡಿ, ಖಾರ ಕಡಿಮೆ ಮಾಡಿ, ಓಂಕಾಳು ಅಗಿಯಿರಿ, ಬೇಡ ಎನ್ನುವುದಿಲ್ಲ. ಆದರೆ ಎದೆಯ ನಡುವೆ ಕಲ್ಲು ಹೇರಿದಂತೆ ಭಾರ, ತಣ್ಣನೆ ಬೆವರು, ಎಡತೋಳಿಗೋ ದವಡೆಗೋ ಬೆನ್ನಿಗೋ ಹರಿಯುವ ನೋವು, ಏದುಸಿರು ಇದ್ದರೆ ಅದು ಹೃದಯ. ಸಕ್ಕರೆ ಕಾಯಿಲೆಯವರಿಗೂ ಹೆಂಗಸರಿಗೂ ನೋವೇ ಇಲ್ಲದೆ ಬರೀ ಸುಸ್ತು, ಬೆವರು, ವಾಂತಿ ಆಗಿ ಹೃದಯಾಘಾತವಾಗಬಹುದು. ಸೋಡಾ ಪುಡಿ ಕುಡಿದು ತೇಗು ಬಂದ ಮಾತ್ರಕ್ಕೆ ಹೃದಯದ ನಾಳ ತೆರೆಯುವುದಿಲ್ಲ. ಇಲ್ಲಿ ಮನೆಮದ್ದಿನ ಗಡುವು ಐದು ನಿಮಿಷವೂ ಅಲ್ಲ. ರೋಗಿಯನ್ನು ನಡೆಸಬೇಡಿ, ಅವರೇ ಬೈಕ್ ಓಡಿಸಿಕೊಂಡು ಬರುವುದಂತೂ ಬೇಡ, 108ಕ್ಕೆ ಫೋನ್ ಮಾಡಿ. 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ತಜ್ಞರಿಗೆ ತೋರಿಸುವ ವ್ಯವಸ್ಥೆ ಮಾಡಲಾಗಿದೆ. ದೊಡ್ಡ ಊರಿಗೇ ಹೋಗಬೇಕೆಂದು ಕಾರು ಹುಡುಕುತ್ತಾ ಹೊತ್ತು ಕಳೆಯಬೇಡಿ, ಹತ್ತಿರದಲ್ಲಿ ಇಸಿಜಿ ಎಲ್ಲಿದೆಯೋ ಅಲ್ಲಿಗೆ ಮೊದಲು ಹೋಗಿ.

ನಮ್ಮಲ್ಲಿಗೆ ಬರುವಾಗ ಮನೆಯಲ್ಲಿ ಏನು ಕುಡಿಸಿದಿರಿ, ಯಾವ ಮಾತ್ರೆ ನುಂಗಿಸಿದಿರಿ, ಎಷ್ಟು ಗಂಟೆಗೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಬರೆಯಲು ಬಾರದಿದ್ದರೆ ಖಾಲಿ ಪೊಟ್ಟಣ, ಬಾಟಲಿಯನ್ನೇ ತನ್ನಿ. ನಾಟಿ ಔಷಧಿಯಾದರೂ ಮುಚ್ಚಿಡಬೇಡಿ. ಇಲ್ಲಿ ಯಾರೂ ಬೈಯುವುದಿಲ್ಲ.