ಹದಿನೆಂಟರ ಲೇಖಕಿ, ಹದಿಹರೆಯದ ಓದುಗರು
(ಗ್ರಂಥಾಲಯ ಸಮಾರಂಭವೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹೊಸ ಪುಸ್ತಕವೊಂದು ಹೊರಬಂದಾಗ ಅದರ ಹಣೆಬರಹ ಬರೆಯುವವರು ಯಾರು? ಪ್ರಕಾಶಕರ ಜಾಹೀರಾತೆ, ಪತ್ರಿಕೆಗಳ ವಿಮರ್ಶೆಯೆ, ಓದುಗರೆ? ಲೇಖಕರು ಆಗಲೇ ಹೆಸರು ಮಾಡಿದವರಾದರೆ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಆದರೆ ಅದು ಮೊದಲ ಪುಸ್ತಕ, ಬರೆದವರಿಗಿನ್ನೂ ಹದಿನೆಂಟು, ಓದಬೇಕಾದವರು ಅವರಿಗಿಂತಲೂ ಚಿಕ್ಕವರು ಎಂದಿಟ್ಟುಕೊಳ್ಳಿ. ಆ ಓದುಗರ ಕೈಯಲ್ಲಿ ದುಡ್ಡಿಲ್ಲ, ಅವರು ವಿಮರ್ಶೆಗಳನ್ನು ಓದುವವರಲ್ಲ, ಪುಸ್ತಕ ಕೊಡಿಸುವವರು ದೊಡ್ಡವರು. ಇಂಥ ಪುಸ್ತಕ ಓದುಗರನ್ನು ತಲುಪುವ ಬಗೆ ಹೇಗೆ ಎಂಬುದಕ್ಕೆ ಅಮೆರಿಕದ ಎಸ್.ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’ ಕಾದಂಬರಿಯ ಕಥೆ ಒಂದು ಒಳ್ಳೆಯ ನಿದರ್ಶನ.

ಸೂಸನ್ ಎಲೋಯಿಸ್ ಹಿಂಟನ್ ಒಕ್ಲಹೋಮ ರಾಜ್ಯದ ಟಲ್ಸಾ ನಗರದವರು. ಅಲ್ಲಿನ ವಿಲ್ ರೋಜರ್ಸ್ ಹೈಸ್ಕೂಲಿನ ವಿದ್ಯಾರ್ಥಿನಿಯಾಗಿದ್ದಾಗ, ಹದಿನೈದನೆಯ ವಯಸ್ಸಿನಲ್ಲಿ ಈ ಕಥೆ ಬರೆಯತೊಡಗಿದರು. ಹೆಚ್ಚಿನ ಭಾಗ ಮುಗಿದದ್ದು ಹದಿನಾರರಲ್ಲಿ. ಅದೇ ಕಾಲದಲ್ಲಿ ತಂದೆ ಮೆದುಳಿನ ಗೆಡ್ಡೆಯಿಂದ ನರಳಿ ತೀರಿಕೊಂಡರು. ಕಾದಂಬರಿ ಬರೆಯುತ್ತಿದ್ದ ಆ ವರ್ಷ ಶಾಲೆಯ ಸೃಜನಶೀಲ ಬರವಣಿಗೆಯ ವಿಷಯದಲ್ಲಿ ತಮಗೆ ಸಿಕ್ಕಿದ್ದು ‘ಡಿ’ ದರ್ಜೆ ಎಂದು ಆಕೆ ಮುಂದೆ ನಗುತ್ತಲೇ ಹೇಳಿಕೊಂಡಿದ್ದಾರೆ.

ಬರೆಯಲು ಕಾರಣವಾದದ್ದು ಒಂದು ಸಣ್ಣ ಘಟನೆ. ಸಿನಿಮಾ ನೋಡಿ ಮನೆಗೆ ನಡೆದುಹೋಗುತ್ತಿದ್ದ ಗೆಳೆಯನೊಬ್ಬನನ್ನು ಇನ್ನೊಂದು ಗುಂಪಿನ ಹುಡುಗರು ಹಿಡಿದು ಹೊಡೆದರು. ಕಾರಣ, ಅವನು ಬಡವರ ಪೈಕಿ. ಆ ಶಾಲೆಯಲ್ಲಿ ಹುಡುಗರು ಎರಡು ಬಣಗಳಾಗಿ ಒಡೆದಿದ್ದರು. ತಲೆಗೆ ಎಣ್ಣೆ ಮೆತ್ತಿಕೊಂಡು ಕೂದಲು ಬೆಳೆಸಿದ ಬಡ ‘ಗ್ರೀಸರ್’ಗಳು ಒಂದು ಕಡೆ, ಕಾರಿನಲ್ಲಿ ಓಡಾಡುವ ಸ್ಥಿತಿವಂತ ‘ಸೋಶ್’ಗಳು ಇನ್ನೊಂದು ಕಡೆ. ಕಾದಂಬರಿಯ ಕಥೆ ಹೇಳುವವನು ಪೋನಿಬಾಯ್ ಎಂಬ ಹದಿನಾಲ್ಕರ ಗ್ರೀಸರ್ ಹುಡುಗ. ತಂದೆತಾಯಿ ಇಲ್ಲದೆ ಇಬ್ಬರು ಅಣ್ಣಂದಿರ ಆಸರೆಯಲ್ಲಿ ಬೆಳೆಯುವವನು.

ಆಗ ಹದಿಹರೆಯದವರಿಗೆಂದು ಪುಸ್ತಕಗಳೇ ಇರಲಿಲ್ಲವೆಂದಲ್ಲ. ಮೌರೀನ್ ಡೇಲಿ ಅವರ ‘ಸೆವೆಂಟೀಂತ್ ಸಮ್ಮರ್’ 1942ರಲ್ಲೇ ಬಂದಿತ್ತು. ಆದರೆ ಬಹುಪಾಲು ಪುಸ್ತಕಗಳಲ್ಲಿ ಹುಡುಗಿಗೆ ಶಾಲೆಯ ನೃತ್ಯಕೂಟಕ್ಕೆ ಜೊತೆಗಾರ ಸಿಗುವನೋ ಇಲ್ಲವೋ ಎಂಬುದೇ ದೊಡ್ಡ ಸಮಸ್ಯೆ. ತಮ್ಮ ಬೀದಿಯಲ್ಲಿ ಕಂಡದ್ದು ಯಾವ ಪುಸ್ತಕದಲ್ಲೂ ಕಾಣಲಿಲ್ಲವಾದ್ದರಿಂದ ತಾವೇ ಬರೆದುದಾಗಿ ಹಿಂಟನ್ ಹೇಳುತ್ತಾರೆ.

ಹಸ್ತಪ್ರತಿ ಪ್ರಕಾಶಕರನ್ನು ಮುಟ್ಟಿದ್ದೂ ಪರಿಚಯದ ಎಳೆ ಹಿಡಿದೇ. ಗೆಳತಿಯೊಬ್ಬಳ ತಾಯಿ ಮಕ್ಕಳ ಪುಸ್ತಕಗಳ ಲೇಖಕಿ. ಅವರು ನ್ಯೂಯಾರ್ಕಿನ ಸಾಹಿತ್ಯ ಏಜೆಂಟರೊಬ್ಬರ ಹೆಸರು ಸೂಚಿಸಿದರು. ವೈಕಿಂಗ್ ಪ್ರೆಸ್ ಸಂಸ್ಥೆಯ ಒಪ್ಪಂದದ ಪತ್ರ 1966ರಲ್ಲಿ, ಹೈಸ್ಕೂಲು ಮುಗಿಸಿದ ಪದವಿ ಸಮಾರಂಭದ ದಿನವೇ ಕೈಸೇರಿತು.

ಪ್ರಚಾರದ ಪ್ರಶ್ನೆ ಎದ್ದದ್ದು ಇಲ್ಲಿ. ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿಯೊಬ್ಬಳು ಬರೆದಿದ್ದಾಳೆಂದು ರಕ್ಷಾಪುಟದಲ್ಲೇ ಗೊತ್ತಾದರೆ ಗಂಡಸು ವಿಮರ್ಶಕರು ಓದುವ ಮೊದಲೇ ಮೂಗು ಮುರಿಯಬಹುದೆಂದು ಪ್ರಕಾಶಕರು ಶಂಕಿಸಿದರು. ಹಾಗಾಗಿ ಸೂಸನ್ ಎಲೋಯಿಸ್ ‘ಎಸ್.ಇ.’ ಆದರು. ಹೆಸರಿನ ಮುಂದೆ ಇನಿಷಿಯಲ್ ಇರುವುದು ಕನ್ನಡ ಓದುಗರಿಗೆ ವಿಶೇಷವಲ್ಲ, ಅದು ಯಾರನ್ನೂ ಮರೆಮಾಡುವುದಿಲ್ಲ. ಅಮೆರಿಕದ ಆ ಪುಸ್ತಕದ ಮೇಲೆ ಮಾತ್ರ ಅದು ಪರದೆಯೇ ಆಗಿತ್ತು.

ಆದರೆ ಈ ಪರದೆ ಎಷ್ಟು ದಿನ ಉಳಿಯಿತು? ಪುಸ್ತಕ ಹೊರಬಂದದ್ದು 1967ರ ಏಪ್ರಿಲ್ 24ರಂದು. ಮೇ ತಿಂಗಳಲ್ಲೇ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವಿಮರ್ಶೆ ಲೇಖಕಿಯ ಎಳೆಯ ವಯಸ್ಸನ್ನು ಪ್ರಸ್ತಾಪಿಸಿತು. ಸವಕಲು ಸನ್ನಿವೇಶಗಳು ಸಾಕಷ್ಟಿದ್ದರೂ ಬರಹದ ಪ್ರಾಮಾಣಿಕತೆ ಅವುಗಳನ್ನು ಹೆಚ್ಚುಕಡಿಮೆ ಮೀರಿ ನಿಲ್ಲುತ್ತದೆ ಎಂಬುದು ಅದರ ಒಟ್ಟು ಅಭಿಪ್ರಾಯ. ಆಗಸ್ಟ್ ತಿಂಗಳಲ್ಲಿ ಅದೇ ಪತ್ರಿಕೆಯಲ್ಲಿ ಹಿಂಟನ್ ಅವರದೇ ಲೇಖನ ಬಂತು. ದೊಡ್ಡವರು ಬರೆಯುವ ಪುಸ್ತಕಗಳು ಹದಿಹರೆಯದವರ ನಿಜವಾದ ಬದುಕಿನಿಂದ ಎಷ್ಟು ದೂರ ನಿಂತಿವೆ ಎಂದು ಆಕೆ ಅಲ್ಲಿ ವಾದಿಸಿದರು. ಗುಟ್ಟು ಮಾಡಬೇಕೆಂದಿದ್ದ ವಿಷಯವೇ, ಅಂದರೆ ಇದನ್ನು ಬರೆದವಳು ಹದಿವಯಸ್ಸಿನ ಹುಡುಗಿ ಎಂಬುದೇ, ಪುಸ್ತಕದ ಹೆಗ್ಗಳಿಕೆಯಾಯಿತು. ಪತ್ರಿಕೆ ಓದದ ಶಾಲಾ ಹುಡುಗರಿಗೆ ಮಾತ್ರ ‘ಎಸ್.ಇ.’ ಬಹಳ ಕಾಲ ಗಂಡಸಾಗಿಯೇ ಉಳಿದರು.

ವಿಮರ್ಶೆ ಬಂತು, ಹೆಸರೂ ಬಂತು. ಆದರೂ ಪುಸ್ತಕ ತಕ್ಷಣ ರಾಶಿರಾಶಿಯಾಗಿ ಮಾರಾಟವಾಗಲಿಲ್ಲ. ಅಗ್ಗದ ಪೇಪರ್‌ಬ್ಯಾಕ್ ಆವೃತ್ತಿಯನ್ನು ಔಷಧಿ ಅಂಗಡಿಗಳ ಸ್ಟ್ಯಾಂಡುಗಳಲ್ಲಿ ಇತರ ಕಾದಂಬರಿಗಳ ಜೊತೆ ಇಟ್ಟಾಗ ಕೊಳ್ಳುವವರು ಹೆಚ್ಚು ಬರಲಿಲ್ಲ. ಬೇಡಿಕೆ ಇದ್ದದ್ದು ಶಾಲೆಗಳಲ್ಲಿ ಎಂಬುದು ಪ್ರಕಾಶಕರಿಗೆ ಕ್ರಮೇಣ ತಿಳಿಯಿತು. ಪುಸ್ತಕವೆಂದರೆ ಮಾರು ದೂರ ಓಡುತ್ತಿದ್ದ ಹುಡುಗರು ಇದನ್ನು ಕೆಳಗಿಡದೆ ಓದುವುದನ್ನು ಕಂಡ ಉಪಾಧ್ಯಾಯರು ಇದನ್ನು ತರಗತಿಗೇ ತಂದಿದ್ದರು.

ಕಾಲವೂ ಅನುಕೂಲವಾಗಿತ್ತು ಎನ್ನಬೇಕು. ಎರಡನೆಯ ಮಹಾಯುದ್ಧದ ನಂತರ ಹುಟ್ಟಿದ ದೊಡ್ಡ ಪೀಳಿಗೆ ಆಗ ಹೈಸ್ಕೂಲಿನಲ್ಲಿತ್ತು. 1965ರ ಪ್ರಾಥಮಿಕ ಮತ್ತು ಮಾಧ್ಯಮಿಕ ಶಿಕ್ಷಣ ಕಾಯ್ದೆಯ ಪ್ರಕಾರ ಶಾಲಾ ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳಲು ಕೇಂದ್ರ ಸರ್ಕಾರದ ಹಣ ಬರುತ್ತಿತ್ತು. ಗ್ರಂಥಪಾಲಕರು ಹದಿಹರೆಯದವರಿಗೆ ಬೇರೆಯೇ ಕಪಾಟು ಮಾಡಿದ್ದರು. ಆ ಕಪಾಟಿಗೆ ತಕ್ಕ ಪುಸ್ತಕಗಳು ಬರತೊಡಗಿದ್ದು ಇದೇ ಹೊತ್ತಿಗೆ. ರಾಬರ್ಟ್ ಲಿಪ್ಸೈಟ್ ಅವರ ‘ದಿ ಕಂಟೆಂಡರ್’ 1967ರಲ್ಲಿ, ಪಾಲ್ ಜಿಂಡೆಲ್ ಅವರ ‘ದಿ ಪಿಗ್‌ಮ್ಯಾನ್’ 1968ರಲ್ಲಿ ಪ್ರಕಟವಾದವು. ಇಂದು ‘ಯಂಗ್ ಅಡಲ್ಟ್’ ಎಂದು ಕರೆಯುವ ಸಾಹಿತ್ಯದ ಆರಂಭವನ್ನು ಚರಿತ್ರೆಕಾರರು ಈ ವರ್ಷಗಳಲ್ಲೇ ಗುರುತಿಸುತ್ತಾರೆ.

ಈ ಗೆಲುವಿನ ಬೆಲೆ ತೆತ್ತವರು ಲೇಖಕಿಯೇ. ಹದಿನೆಂಟರ ವಯಸ್ಸಿಗೆ ದೇಶದ ಯುವಜನರ ದನಿ ಎಂಬ ಪಟ್ಟ ಹೆಗಲೇರಿದಾಗ ಲೇಖನಿ ನಿಂತುಹೋಯಿತು. ಶಾಲೆಯ ಹುಡುಗಿ ಯಾರು ಓದುತ್ತಾರೆಂದು ಯೋಚಿಸದೆ ಬರೆದಿದ್ದಳು. ಈಗ ಪ್ರತಿ ವಾಕ್ಯವನ್ನೂ ಯಾರೋ ತೂಗಿ ನೋಡುತ್ತಿದ್ದಾರೆಂಬ ಭಯ. ಮೂರು ವರ್ಷಗಳ ಕಾಲ ಆಕೆಗೆ ಏನನ್ನೂ ಬರೆಯಲಾಗಲಿಲ್ಲ, ಖಿನ್ನತೆಯೂ ಕವಿಯಿತು. ಮುಂದೆ ಪತಿಯಾದ ಗೆಳೆಯ ಒಂದು ಷರತ್ತು ಹಾಕಿದರು: ದಿನಕ್ಕೆ ಎರಡು ಪುಟ ಬರೆದರೆ ಮಾತ್ರ ಸಂಜೆ ಜೊತೆಯಾಗಿ ಹೊರಗೆ ಹೋಗುವುದು. ಎರಡೆರಡೇ ಪುಟ ಕೂಡಿ ಬೆಳೆದ ‘ದಟ್ ವಾಸ್ ದೆನ್, ದಿಸ್ ಈಸ್ ನೌ’ 1971ರಲ್ಲಿ ಪ್ರಕಟವಾಯಿತು. ಲೇಖಕಿ ಹೆಣ್ಣೆಂಬುದು ಆ ಹೊತ್ತಿಗೆ ಗುಟ್ಟಾಗಿ ಉಳಿದಿರಲಿಲ್ಲ, ಆದರೂ ಹೆಸರು ಎಸ್.ಇ. ಎಂದೇ ಮುಂದುವರಿಯಿತು. ಮನೆಗೊಂದು ಹೆಸರು, ಲೋಕಕ್ಕೊಂದು ಹೆಸರು ಇರುವುದು ತಮಗೆ ಹಿಡಿಸಿತು ಎಂದು ಹಿಂಟನ್ ಹೇಳಿದ್ದಾರೆ. ಪ್ರಕಾಶಕರು ವಿಮರ್ಶಕರಿಗಾಗಿ ಹಾಕಿದ ಪರದೆ ಕೊನೆಗೆ ಲೇಖಕಿಗೇ ನೆರಳಾಯಿತು.

ಪುಸ್ತಕವನ್ನು ಸಿನಿಮಾಕ್ಕೆ ತಂದವರೂ ಶಾಲೆಯ ಮಕ್ಕಳೇ. 1980ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಬಳಿಯ ಲೋನ್ ಸ್ಟಾರ್ ಶಾಲೆಯ ಗ್ರಂಥಪಾಲಕಿ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ ಅವರಿಗೆ ಪತ್ರ ಬರೆದು, ಇದನ್ನು ಚಿತ್ರ ಮಾಡಿ ಎಂದು ಕೇಳಿದರು. ಜೊತೆಗೆ ವಿದ್ಯಾರ್ಥಿಗಳು ಸಹಿ ಮಾಡಿದ ಮನವಿಯೂ ಇತ್ತು. ‘ದಿ ಗಾಡ್‌ಫಾದರ್’ ಮಾಡಿದ ನಿರ್ದೇಶಕ ಮಕ್ಕಳ ಮಾತಿಗೆ ಓಗೊಟ್ಟರು. ಟಲ್ಸಾದಲ್ಲೇ ಚಿತ್ರೀಕರಣವಾಗಿ 1983ರಲ್ಲಿ ಚಿತ್ರ ತೆರೆ ಕಂಡಿತು. ಮ್ಯಾಟ್ ಡಿಲನ್, ಪ್ಯಾಟ್ರಿಕ್ ಸ್ವೇಜಿ, ಆಗಿನ್ನೂ ಹೊಸಬರಾದ ಟಾಮ್ ಕ್ರೂಸ್ ಅದರಲ್ಲಿದ್ದರು. ಹಿಂಟನ್ ಅವರೂ ದಾದಿಯ ಸಣ್ಣ ಪಾತ್ರದಲ್ಲಿ ಬಂದು ಹೋದರು.

ಎಲ್ಲ ದೊಡ್ಡವರೂ ಪುಸ್ತಕವನ್ನು ಮೆಚ್ಚಿದರೆಂದಲ್ಲ. ಚಾಕು, ಸಿಗರೇಟು, ಮದ್ಯ, ದಿಕ್ಕಿಲ್ಲದ ಸಂಸಾರಗಳು ಮಕ್ಕಳಿಗೆ ತಕ್ಕ ವಸ್ತುವೇ ಎಂಬ ಆಕ್ಷೇಪಣೆ ಹಲವೆಡೆ ಎದ್ದಿತು. 1986ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸೌತ್ ಮಿಲ್ವಾಕಿಯಲ್ಲಿ ಎಂಟನೆಯ ತರಗತಿಯ ಓದಿನ ಪಟ್ಟಿಯಲ್ಲಿ ಇದು ಇರಕೂಡದೆಂದು ತಕರಾರು ಬಂತು. 1990ರ ದಶಕದಲ್ಲಿ ಅತಿ ಹೆಚ್ಚು ಆಕ್ಷೇಪಣೆಗೆ ಗುರಿಯಾದ ನೂರು ಪುಸ್ತಕಗಳ ಪಟ್ಟಿಯನ್ನು ಅಮೆರಿಕದ ಗ್ರಂಥಾಲಯ ಸಂಘ ಮಾಡಿದಾಗ ಇದೂ ಅದರಲ್ಲಿತ್ತು. ಹದಿಹರೆಯದವರ ಸಾಹಿತ್ಯಕ್ಕಾಗಿ ಮಾರ್ಗರೆಟ್ ಎ. ಎಡ್ವರ್ಡ್ಸ್ ಪ್ರಶಸ್ತಿಯನ್ನು 1988ರಲ್ಲಿ ಮೊತ್ತಮೊದಲು ಪಡೆದವರೂ ಹಿಂಟನ್ ಅವರೇ. ಒಂದೇ ಪುಸ್ತಕಕ್ಕೆ ಒಬ್ಬರು ಬೀಗ ಹುಡುಕುತ್ತಿದ್ದರೆ, ಇನ್ನೊಬ್ಬರು ಹಾರ ಹಿಡಿದು ನಿಂತಿದ್ದರು.

ಕಾದಂಬರಿ ಇಂದಿಗೂ ಅಚ್ಚಾಗುತ್ತಿದೆ. ಅದನ್ನು ಆಧರಿಸಿದ ಸಂಗೀತ ನಾಟಕ 2024ರಲ್ಲಿ ಬ್ರಾಡ್‌ವೇ ರಂಗವನ್ನೇರಿ, ಆ ವರ್ಷದ ಅತ್ಯುತ್ತಮ ಸಂಗೀತ ನಾಟಕವೆಂದು ಟೋನಿ ಪ್ರಶಸ್ತಿ ಪಡೆಯಿತು.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರವೇನು? ಪ್ರಕಾಶಕರ ಉಪಾಯ ಪುಸ್ತಕವನ್ನು ವಿಮರ್ಶಕರ ಮೇಜಿನವರೆಗೆ ಕೊಂಡೊಯ್ದಿತು. ವಿಮರ್ಶೆ ಅದನ್ನು ದೊಡ್ಡವರ ಗಮನಕ್ಕೆ ತಂದಿತು. ಅಲ್ಲಿಂದ ಮುಂದಿನ ದಾರಿಯನ್ನು ಅದು ಕ್ರಮಿಸಿದ್ದು ಒಬ್ಬ ಉಪಾಧ್ಯಾಯ, ಒಬ್ಬ ಗ್ರಂಥಪಾಲಕಿ, ಪಕ್ಕದ ಬೆಂಚಿನ ಗೆಳೆಯನಿಗೆ ಪುಸ್ತಕ ದಾಟಿಸಿದ ಒಬ್ಬ ಹುಡುಗ, ಹೀಗೆ ಕೈಯಿಂದ ಕೈಗೆ. ಗ್ರಂಥಾಲಯದ ಕಪಾಟಿನ ಮುಂದೆ ಮಗುವೊಂದು ಏನು ಓದಲಿ ಎಂದು ಕೇಳಿದಾಗ ಕೊಡುವ ಉತ್ತರಕ್ಕೆ ಯಾವ ಜಾಹೀರಾತೂ ಸಾಟಿಯಲ್ಲ. ಆ ಉತ್ತರ ಕೊಡಬೇಕಾದವರು ಈ ಸಭೆಯಲ್ಲೂ ಹಲವರಿದ್ದಾರೆ. ಕೊಡುವ ಮೊದಲು ಅವರು ಪುಸ್ತಕವನ್ನು ತಾವೊಮ್ಮೆ ಓದಿರಬೇಕು, ಅಷ್ಟೆ.