ಮಳೆಗಾಲದ ಮನೆ: ಪಾಲಿಸಬಹುದಾದ ಶುಚಿತ್ವ ಕ್ರಮ, ಮನೆಯಲ್ಲೇ ಸಿದ್ಧವಾಗುವ ಸಾಮಗ್ರಿ

(ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಕೃಷಿಕ ಕುಟುಂಬಗಳಿಗಾಗಿ ನೀಡಿದ ಉಪನ್ಯಾಸ)



ತೋಟದ ನೈರ್ಮಲ್ಯದ ವಿಷಯ ಈ ಭಾಗದ ಕೃಷಿಕರಿಗೆ ಹೊಸದಲ್ಲ. ಕೊಳೆರೋಗದಿಂದ ಉದುರಿದ ಅಡಿಕೆಯನ್ನು ಹೆಕ್ಕಿ ತೆಗೆಯಬೇಕು, ಬಸಿಗಾಲುವೆಯಲ್ಲಿ ನೀರು ನಿಲ್ಲಬಾರದು, ಮಳೆಗೆ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸಬೇಕು ಎಂಬುದು ಎಲ್ಲರಿಗೂ ತಿಳಿದಿದೆ. ತೋಟದಲ್ಲಿ ರೋಗಕ್ಕೆ ದಾರಿ ಮಾಡಿಕೊಡುವ ತೇವವೇ ಮನೆಯೊಳಗೂ ಬೂಸು, ದುರ್ಗಂಧ, ಸೊಳ್ಳೆ ಮತ್ತು ರೋಗಗಳಿಗೆ ಕಾರಣವಾಗುತ್ತದೆ. ಆದರೆ ಮನೆಯ ವಿಷಯಕ್ಕೆ ತೋಟದಷ್ಟು ಗಮನ ಸಿಗುತ್ತಿಲ್ಲ.

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಬಯಲುಸೀಮೆಯ ಮನೆಗೆ ಧೂಳು ಮುಖ್ಯ ಶತ್ರುವಾದರೆ ಇಲ್ಲಿಯ ಮನೆಗೆ ಒದ್ದೆಯೇ ಮುಖ್ಯ ಶತ್ರು. ಆದುದರಿಂದ ಈ ಭಾಗದಲ್ಲಿ ಶುಚಿತ್ವವೆಂದರೆ ಹೊಳಪು ತರುವುದಲ್ಲ, ತೊಳೆದುದನ್ನು ಒಣಗಿಸುವುದು. ತೊಳೆದು ಒದ್ದೆಯಾಗಿಯೇ ಬಿಟ್ಟ ನೆಲಕ್ಕಿಂತ ಗುಡಿಸಿ ಒಣಗಿಯೇ ಉಳಿಸಿದ ನೆಲ ಆಟಿ ತಿಂಗಳಲ್ಲಿ ಎಷ್ಟೋ ಮೇಲು.

ಹಿಂದೆ ಸೌದೆ ಒಲೆ ಉರಿಯುತ್ತಿದ್ದ ಮನೆಗಳಲ್ಲಿ ಅಡುಗೆಮನೆಯ ಮೇಲಿನ ಅಟ್ಟ ಸದಾ ಬೆಚ್ಚಗಿರುತ್ತಿತ್ತು. ಹುಣಸೆ, ಹಪ್ಪಳ, ಬಿತ್ತನೆಯ ಬೀಜ, ಕಂಬಳಿ ಎಲ್ಲವೂ ಅಲ್ಲಿ ಕೆಡದೆ ಉಳಿಯುತ್ತಿದ್ದವು. ಗ್ಯಾಸ್ ಒಲೆ ಬಂದು ಹೊಗೆಯ ಕಾಟ ತಪ್ಪಿತು, ಕಣ್ಣಿಗೂ ಶ್ವಾಸಕೋಶಕ್ಕೂ ಒಳಿತಾಯಿತು. ಆದರೆ ಮನೆಯನ್ನು ಒಣಗಿಸುತ್ತಿದ್ದ ಆ ಬಿಸಿಯೂ ಇಲ್ಲವಾಯಿತು. ಆ ಕೆಲಸವನ್ನು ಈಗ ಗಾಳಿಯಿಂದ ಮಾಡಿಸಬೇಕು. ಮಳೆ ಬಿಟ್ಟ ಹೊತ್ತಿನಲ್ಲಿ ಎದುರುಬದುರಿನ ಎರಡು ಕಿಟಕಿಗಳನ್ನು ತೆರೆಯುವುದು, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡುವುದು, ನೆಲ ಒರೆಸಿದ ಮೇಲೆ ಫ್ಯಾನ್ ಹಾಕುವುದು ಖರ್ಚಿಲ್ಲದ ಉಪಾಯಗಳು.

ದಿನದ ಕೆಲಸ

ಅಡಿಕೆ ಕೊಯ್ಲು, ರಬ್ಬರ್ ಟ್ಯಾಪಿಂಗ್, ಹಟ್ಟಿಯ ಕೆಲಸ ಇವುಗಳ ನಡುವೆ ದೊಡ್ಡ ಪಟ್ಟಿಯನ್ನು ಯಾವ ಮನೆಯೂ ಪಾಲಿಸಲಾರದು. ಪ್ರತಿದಿನ ತಪ್ಪಿಸಬಾರದ ಕೆಲಸಗಳು ಮೂರೇ.

ಮೊದಲನೆಯದು, ರಾತ್ರಿ ಮಲಗುವ ಮುನ್ನ ಅಡುಗೆಮನೆಯ ಕಟ್ಟೆಯನ್ನು ತೊಳೆದು ಒಣಬಟ್ಟೆಯಿಂದ ಒರೆಸುವುದು. ಎಂಜಲು ಪಾತ್ರೆ ಉಳಿಯದಿದ್ದರೆ ಜಿರಲೆ, ಇಲಿಗಳಿಗೆ ಆಹಾರವಿಲ್ಲ. ಎರಡನೆಯದು, ಮಸಿಬಟ್ಟೆಯನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಹಾಕಿ, ಹಿಂಡಿ, ಹರವುವುದು. ಅಡುಗೆಮನೆಯಲ್ಲಿ ರೋಗಾಣುಗಳು ಹೆಚ್ಚಾಗಿ ಬೆಳೆಯುವುದು ಸದಾ ಒದ್ದೆಯಾಗಿರುವ ಈ ಬಟ್ಟೆಯಲ್ಲಿ. ಎರಡು ಬಟ್ಟೆಗಳಿದ್ದರೆ ಒಂದು ಒಣಗುವಾಗ ಇನ್ನೊಂದನ್ನು ಬಳಸಬಹುದು. ಮೂರನೆಯದು, ಜಗಲಿ ಮತ್ತು ಒಳಕೋಣೆಗಳನ್ನು ಗುಡಿಸುವುದು. ಮಳೆಗಾಲದಲ್ಲಿ ಕೋಣೆಗಳನ್ನು ದಿನವೂ ಒರೆಸಬೇಕಾಗಿಲ್ಲ. ಎರಡು ದಿನಕ್ಕೊಮ್ಮೆ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು.

ವಾರದ ಅರ್ಧ ಗಂಟೆ

ವಾರಕ್ಕೊಮ್ಮೆ ಮಾಡುವ ಕೆಲಸಗಳಲ್ಲಿ ಅತ್ಯಂತ ಮುಖ್ಯವಾದುದು ನಿಂತ ನೀರನ್ನು ಚೆಲ್ಲುವುದು. 2008ರಲ್ಲಿ ಜಿಲ್ಲೆಯಲ್ಲಿ ಚಿಕುನ್‌ಗುನ್ಯಾ ವ್ಯಾಪಕವಾಗಿ ಹರಡಿದಾಗ ಗಂಟುನೋವಿನಿಂದ ಏಳಲಾಗದೆ ಎಷ್ಟೋ ಮನೆಗಳಲ್ಲಿ ತೋಟದ ಕೆಲಸ ನಿಂತುಹೋದುದನ್ನು ಹಿರಿಯರು ಮರೆತಿರಲಾರರು. ಆ ರೋಗವನ್ನೂ ಡೆಂಗ್ಯೂವನ್ನೂ ಹರಡುವ ಈಡಿಸ್ ಸೊಳ್ಳೆ ಕೊಳಚೆಗಿಂತ ಹೆಚ್ಚಾಗಿ ಬೆಳೆಯುವುದು ಮನೆಯ ಸುತ್ತ ನಿಂತ ತಿಳಿನೀರಿನಲ್ಲಿ: ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ರಬ್ಬರ್ ಹಾಲು ಹಿಡಿಯುವ ಚಿಪ್ಪು, ಟರ್ಪಾಲಿನ ಮಡಿಕೆ, ಹಳೆಯ ಟಯರು, ಫ್ರಿಜ್ಜಿನ ಹಿಂದಿನ ತಟ್ಟೆ.

ಮೊಟ್ಟೆಯಿಂದ ಸೊಳ್ಳೆಯಾಗಲು ಸಾಮಾನ್ಯವಾಗಿ ಏಳರಿಂದ ಹತ್ತು ದಿನ ಬೇಕು. ಏಳು ದಿನಕ್ಕೊಮ್ಮೆ ನೀರು ಚೆಲ್ಲಿದರೆ ಮರಿಗಳು ಸೊಳ್ಳೆಯಾಗುವ ಮೊದಲೇ ನಾಶವಾಗುತ್ತವೆ. ಹದಿನೈದು ದಿನಕ್ಕೊಮ್ಮೆ ಚೆಲ್ಲಿದರೆ ಈ ಪ್ರಯೋಜನ ಸಿಗದು. ಪಾತ್ರೆಯ ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ಆದುದರಿಂದ ಡ್ರಮ್ಮು, ತೊಟ್ಟಿಗಳ ಒಳಬದಿಯನ್ನು ತೆಂಗಿನ ನಾರಿನಿಂದ ಉಜ್ಜಿಯೇ ತೊಳೆಯಬೇಕು. ಟ್ಯಾಪಿಂಗ್ ನಿಲ್ಲಿಸಿದ ಮರಗಳ ಚಿಪ್ಪುಗಳನ್ನು ಕವುಚಿ ಹಾಕಬೇಕು.

ಅಂಗಳದ ಮೆಟ್ಟಿಲು ಮತ್ತು ಬಚ್ಚಲಿನ ದಾರಿಯಲ್ಲಿ ಕಟ್ಟಿದ ಪಾಚಿಯನ್ನು ಗಟ್ಟಿ ಹಿಡಿಸೂಡಿಯಿಂದ ಉಜ್ಜಿ ತೆಗೆಯುವುದೂ ವಾರದ ಕೆಲಸವೇ. ವಯಸ್ಸಾದವರು ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಚೇತರಿಸಿಕೊಳ್ಳುವುದು ಬಹಳ ಕಷ್ಟ.

ಮನೆಯಲ್ಲೇ ಸಿದ್ಧವಾಗುವ ಸಾಮಗ್ರಿ

1. ಅಂಟುವಾಳದ ನೀರು: ಬೀಜ ತೆಗೆದ 20 ಅಂಟುವಾಳ ಕಾಯಿಗಳನ್ನು 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ 15 ನಿಮಿಷ ಕುದಿಸಿ, ಕಿವುಚಿ ಸೋಸಬೇಕು. ಇದರಲ್ಲಿರುವ ನೊರೆಯ ಅಂಶ ಜಿಡ್ಡನ್ನು ಬಿಡಿಸುತ್ತದೆ. ಪಾತ್ರೆ, ಬಟ್ಟೆ, ನೆಲ ಎಲ್ಲಕ್ಕೂ ಆಗುತ್ತದೆ. ಎರಡು ಮೂರು ದಿನಗಳಲ್ಲಿ ಹುಳಿಯುವುದರಿಂದ ಬೇಕಾದಷ್ಟೇ ಮಾಡಿಕೊಳ್ಳಬೇಕು. ಕಣ್ಣಿಗೆ ತಾಗಬಾರದು. ಮೀನಿಗೆ ಇದು ವಿಷ, ತೋಡಿಗೆ ಚೆಲ್ಲಬಾರದು.

2. ಬೂದಿ: ಜರಡಿ ಹಿಡಿದ ಸೌದೆಯ ಬೂದಿಯಲ್ಲಿ ಕ್ಷಾರವಿದ್ದು ಎಣ್ಣೆಯ ಪಸೆಯನ್ನು ತೆಗೆಯುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಬೇಡ, ಲೋಹ ಸವೆಯುತ್ತದೆ. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿಯನ್ನು ಬಳಸಲೇಬಾರದು.

3. ಬಿಂಬುಳಿ, ಹುಣಸೆ, ಲಿಂಬೆ: ಇವುಗಳ ಹುಳಿ ತಾಮ್ರ, ಹಿತ್ತಾಳೆಯ ಕಿಲುಬನ್ನು ಬಿಡಿಸುತ್ತದೆ. ಬಟ್ಟೆಗೆ ತಾಗಿದ ತುಕ್ಕಿನ ಕಲೆಗೆ ಬಿಂಬುಳಿ ರಸ ಉತ್ತಮ, ಅದರಲ್ಲಿರುವ ಆಕ್ಸಾಲಿಕ್ ಆಮ್ಲ ಕಬ್ಬಿಣದ ಅಂಶವನ್ನು ಕರಗಿಸುತ್ತದೆ. ಸಿಮೆಂಟು ಮತ್ತು ಕೆಂಪು ಕಾವಿ ನೆಲಕ್ಕೆ ಹುಳಿ ಬೇಡ, ನೆಲ ಸವೆದು ಒರಟಾಗುತ್ತದೆ.

4. ಸುಣ್ಣ: ಹೊಸದಾಗಿ ಅರಳಿಸಿದ ಸುಣ್ಣವನ್ನು ಹಟ್ಟಿ ಮತ್ತು ಬಚ್ಚಲಿನ ಗೋಡೆಗೆ ಬಳಿದರೆ ಬೂಸು ಬೇಗ ಹಿಡಿಯದು.

ಅಡುಗೆ ಸೋಡಾ ಮತ್ತು ಲಿಂಬೆರಸ ಬೆರೆಸಿದಾಗ ಬರುವ ನೊರೆಯನ್ನು ಕಂಡು ಅದು ಬಲವಾದ ಔಷಧವೆಂದು ಕೆಲವರು ನಂಬುತ್ತಾರೆ. ವಾಸ್ತವದಲ್ಲಿ ಹುಳಿ ಮತ್ತು ಕ್ಷಾರ ಒಂದನ್ನೊಂದು ಕೊಂದು ಎರಡರ ಶಕ್ತಿಯೂ ಕಡಿಮೆಯಾಗುತ್ತದೆ. ಅವನ್ನು ಬೇರೆ ಬೇರೆಯಾಗಿಯೇ ಬಳಸಬೇಕು. ಬ್ಲೀಚಿಂಗ್ ಪೌಡರಿಗೆ ಹುಳಿಯನ್ನಾಗಲಿ ಕಕ್ಕಸು ತೊಳೆಯುವ ಆಸಿಡನ್ನಾಗಲಿ ಸೇರಿಸಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಇದು ಪ್ರಾಣಕ್ಕೇ ಅಪಾಯ.

ತೋಟದ ವಿಷ ಮನೆಗೆ ಬಾರದಿರಲಿ

ಬೋರ್ಡೋ ದ್ರಾವಣಕ್ಕೆ ಬಳಸಿದ ಬಕೆಟ್ಟು, ಸೌಟುಗಳನ್ನು ತೋಟದ ಶೆಡ್ಡಿನಲ್ಲೇ ಇಡಬೇಕು. ಸಿಂಪಡಣೆಯ ಬಟ್ಟೆಗಳನ್ನು ಮಕ್ಕಳ ಬಟ್ಟೆಯೊಂದಿಗೆ ನೆನೆಹಾಕಬಾರದು, ಬೇರೆಯಾಗಿಯೇ ಒಗೆಯಬೇಕು. ಕೀಟನಾಶಕದ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಮನೆಯ ಉಪಯೋಗಕ್ಕೆ ತರಬಾರದು. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಮ್ಲದಿಂದ ನೆಲದ ಕಲೆ ತೆಗೆಯಲು ಹೋಗಬಾರದು, ಅದು ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ.

ವರ್ಷಕ್ಕೆರಡು ದೊಡ್ಡ ಶುಚಿ

ಪತ್ತನಾಜೆಗೆ ಮುನ್ನ ಒಮ್ಮೆ, ದೀಪಾವಳಿಯ ಮುನ್ನ ಇನ್ನೊಮ್ಮೆ ದೊಡ್ಡ ಶುಚಿ ಮಾಡಿದರೆ ಸಾಕು. ಮೊದಲನೆಯದು ಮಳೆಯ ಸಿದ್ಧತೆ: ಹಾಸಿಗೆ, ಕಂಬಳಿಗಳನ್ನು ಬಿಸಿಲಿಗೆ ಹಾಕುವುದು, ಮಾಡಿನ ಸೋರಿಕೆ ನೋಡುವುದು, ದೋಣಿಯ ಕಸ ತೆಗೆಯುವುದು, ಸುಣ್ಣ ಬಳಿಯುವುದು. ಎರಡನೆಯದು ಮಳೆ ಬಿಟ್ಟುಹೋದ ತೇವವನ್ನು ಹೊರಹಾಕುವುದು. ಬೂಸನ್ನು ಒಣದಾಗಿ ಕೊಡವಿದರೆ ಅದರ ಬೀಜಕಣಗಳು ಮನೆಯೆಲ್ಲ ಹರಡಿ ಉಬ್ಬಸದವರಿಗೆ ತೊಂದರೆಯಾಗುತ್ತದೆ. ಅಂಟುವಾಳದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ನಂತರ ಒಣಗಿಸಬೇಕು. ದೀಪಾವಳಿಯ ನಂತರ ಅಡಿಕೆ ಅಂಗಳಕ್ಕೆ ಬರುವುದರಿಂದ ಈ ಕೆಲಸವನ್ನು ಅದಕ್ಕೂ ಮೊದಲೇ ಮುಗಿಸುವುದು ಲೇಸು.

ಈ ಎಲ್ಲ ಕೆಲಸ ಮನೆಯ ಒಬ್ಬ ಹೆಣ್ಣುಮಗಳ ಮೇಲೆಯೇ ಬಿದ್ದರೆ ಯಾವ ಕ್ರಮವೂ ಮೂರು ವಾರಕ್ಕಿಂತ ಹೆಚ್ಚು ನಡೆಯದು. ವಾರದ ಅರ್ಧ ಗಂಟೆಯ ಕೆಲಸ ಹೆಚ್ಚಾಗಿ ಮನೆಯ ಹೊರಗಿನದು. ಅದನ್ನು ಗಂಡಸರು ಮತ್ತು ಶಾಲೆಗೆ ಹೋಗುವ ಮಕ್ಕಳು ವಹಿಸಿಕೊಳ್ಳಬಹುದು. ಗ್ರಾಮಸೇವಕರು ಮತ್ತು ಆಶಾ ಕಾರ್ಯಕರ್ತೆಯರು ಭೇಟಿಯ ವೇಳೆ ಈ ಮಾತನ್ನು ಮನೆಯ ಯಜಮಾನರಿಗೇ ಹೇಳುವುದು ಒಳ್ಳೆಯದು. ಕೊಯ್ಲಿನ ಒತ್ತಡದಲ್ಲಿ ಉಳಿದುದೆಲ್ಲ ತಪ್ಪಿದರೂ ಚಿಂತೆಯಿಲ್ಲ, ಜೂನ್‌ನಿಂದ ನವೆಂಬರ್‌ವರೆಗೆ ಪ್ರತಿ ಭಾನುವಾರ ನಿಂತ ನೀರು ಚೆಲ್ಲುವ ಕೆಲಸವೊಂದು ತಪ್ಪಬಾರದು.