ಆಪರೇಷನ್ನಿನ ಲೆಕ್ಕ ಯಾರ ಖಾತೆಗೆ?



ಗರ್ಭಪಾತಕ್ಕೆ ತೆರಿಗೆಯ ದುಡ್ಡು ಕೊಡಬೇಕೆ, ಬೇಡವೆ? ಅಮೆರಿಕದಲ್ಲಿ ಅಂಥ ದುಡ್ಡನ್ನು ತಡೆದ 1976ರ ಹೈಡ್ ತಿದ್ದುಪಡಿಯಿಂದ ಈಚೆಗೆ ಈ ಜಗಳ ನಿಂತಿಲ್ಲ. ನಮ್ಮ ಕಥೆ ಬೇರೆ. ನಮ್ಮ ಸರ್ಕಾರಗಳು ಕುಟುಂಬ ಯೋಜನೆಗೆ ದುಡ್ಡು ಕೊಡಲು ಅಷ್ಟೇನೂ ಹಿಂದೆಮುಂದೆ ನೋಡಿದವಲ್ಲ. ಕೊಟ್ಟ ದುಡ್ಡಿಗೆ ಹೆಂಗಸಿನಿಂದ ಏನು ವಸೂಲಾಗಬೇಕು ಎನ್ನುವುದರಲ್ಲಿದೆ ರಾಜಕೀಯ.

ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರಲ್ಲೇ, ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಆಗ ಇದು ಜಗತ್ತಿನಲ್ಲೇ ಅಪರೂಪದ ಮಾತು. ಆದರೆ ಗಾಂಧೀಜಿಗೆ ಕೃತಕ ವಿಧಾನಗಳು ಸುತರಾಂ ಒಪ್ಪಿಗೆಯಿರಲಿಲ್ಲ. ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಶಿಷ್ಯೆ. ಹೀಗಾಗಿ ಮೊದಲ ಪಂಚವಾರ್ಷಿಕ ಯೋಜನೆ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ಎತ್ತಿಟ್ಟರೂ ಒಲವೆಲ್ಲ ದಿನ ಎಣಿಸುವ ವಿಧಾನದ ಕಡೆಗೆ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನ ಪ್ರಯೋಗ ನಡೆದದ್ದು ದೆಹಲಿಯ ಲೋಧಿ ಕಾಲೊನಿಯಲ್ಲಿ ಮತ್ತು ನಮ್ಮ ರಾಮನಗರದಲ್ಲಿ. ಪ್ರಯೋಗ ರೂಪಿಸಿದ ಡಾ. ಅಬ್ರಹಾಂ ಸ್ಟೋನ್ ಹೆಂಗಸರಿಗೆ ಮಣಿಸರ ಮಾಡಿಸಿಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಭಯವಿಲ್ಲ, ಕೆಂಪು ಬಂದರೆ ಗಂಡನಿಂದ ದೂರ. ಕತ್ತಲಲ್ಲಿ ಬಣ್ಣ ಕಾಣಬೇಕಲ್ಲ! ಕಂಡರೂ ಗಂಡ ಕೇಳಬೇಕಲ್ಲ! ಪ್ರಯೋಗ ಕೈಗೂಡಲಿಲ್ಲ. ಆದರೂ ಸರ ಯಾರ ಕೊರಳಿಗೆ ಬಿತ್ತು ನೋಡಿ.

ತುರ್ತು ಪರಿಸ್ಥಿತಿಯಲ್ಲಿ ಈ ಹೊರೆ ಗಂಡಸರ ಮೇಲೆ ಬಿತ್ತು. 1976ರ ಜನಸಂಖ್ಯಾ ನೀತಿ, ರಾಜ್ಯಗಳ ಯೋಜನೆಗೆ ಕೇಂದ್ರ ಕೊಡುವ ನೆರವಿನ ಶೇ 8ರಷ್ಟನ್ನು ಕುಟುಂಬ ಯೋಜನೆಯ ಸಾಧನೆಗೆ ಗಂಟುಹಾಕಿತು. ಮೇಲಿನ ಒತ್ತಡ ಕೆಳಗಿಳಿದು ಶಾಲೆಯ ಮೇಷ್ಟ್ರೂ ಸಂತಾನಹರಣ ಆಪರೇಷನ್ನಿಗೆ 'ಕೇಸು' ಹುಡುಕಿಕೊಂಡು ಹೊರಡುವಂತಾಯಿತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್; ಬಹುಪಾಲು ಗಂಡಸರಿಗೆ. ಉತ್ತರ ಭಾರತದ ಮತದಾರ ಮರುವರ್ಷವೇ ಉತ್ತರ ಕೊಟ್ಟ. ಅಂದಿನಿಂದ ಯಾವ ಪಕ್ಷವೂ ಗಂಡಸರ ತಂಟೆಗೆ ಹೋಗಿಲ್ಲ. ಕಾರ್ಯಕ್ರಮವೇನೂ ನಿಲ್ಲಲಿಲ್ಲ, ಹೆಂಗಸರ ಕಡೆ ತಿರುಗಿತು ಅಷ್ಟೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆಪರೇಷನ್ ಆದ ವಿವಾಹಿತ ಹೆಂಗಸರು ಶೇ 57. ಗಂಡಸರ ಸಾಲಿನಲ್ಲಿ ಸೊನ್ನೆ.

ಹಣವೂ ಅದೇ ದಾರಿ ಹಿಡಿದಿದೆ. ಪಾಪ್ಯುಲೇಷನ್ ಫೌಂಡೇಶನ್ ಆಫ್ ಇಂಡಿಯಾದ ಲೆಕ್ಕದಂತೆ, 2013-14ರಲ್ಲಿ ಕುಟುಂಬ ಯೋಜನೆಗೆ ಖರ್ಚಾದ ಹಣದಲ್ಲಿ ಶೇ 85 ಹೆಂಗಸರ ಆಪರೇಷನ್ನಿಗೇ ಹೋಯಿತು. ಮಾತ್ರೆ, ವಂಕಿಯಂಥ, ಮಕ್ಕಳ ನಡುವೆ ಅಂತರವಿಡುವ ವಿಧಾನಗಳಿಗೆ ಸಿಕ್ಕಿದ್ದು ಚಿಲ್ಲರೆ. ಮರುವರ್ಷವೇ ಛತ್ತೀಸಗಡದ ಬಿಲಾಸಪುರದ ಹತ್ತಿರ ಒಂದು ಶಿಬಿರದಲ್ಲಿ ಒಬ್ಬ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ನಿಯಮದಂತೆ ದಿನಕ್ಕೆ 30ರ ಮೇಲೆ ಮಾಡುವ ಹಾಗಿಲ್ಲ. ಆ ವಾರ ಜೀವ ಬಿಟ್ಟವರು ಹತ್ತಕ್ಕೂ ಹೆಚ್ಚು. ದೇವಿಕಾ ಬಿಸ್ವಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ, ಮೂರು ವರ್ಷದೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸಿ ಎಂದಿತು.

ಈಗ ವಾದದ ವೇಷ ಬದಲಾಗಿದೆ. 15ನೇ ಹಣಕಾಸು ಆಯೋಗ 2011ರ ಜನಗಣತಿ ಹಿಡಿದು ಕೇಂದ್ರ ತೆರಿಗೆಯಲ್ಲಿ ರಾಜ್ಯಗಳ ಪಾಲು ಹಂಚಿತು. ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ಸಮಾಧಾನ ಎಂಬಂತೆ ಶೇ 12.5 ಅಂಕ ಇಟ್ಟಿತು. ಕರ್ನಾಟಕದ ಪಾಲು ಶೇ 4.71ರಿಂದ ಶೇ 3.65ಕ್ಕೆ ಇಳಿಯಿತು. ಜನಸಂಖ್ಯೆ ನೋಡಿ ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯಾದೀತೆಂಬ ಭಯ ಬೇರೆ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರಿಗೆ ಸ್ಥಳೀಯ ಚುನಾವಣೆಯ ಬಾಗಿಲು ಮುಚ್ಚಿದ್ದ ಆಂಧ್ರ 2024ರಲ್ಲಿ ಆ ಕಾನೂನನ್ನೇ ತೆಗೆದುಹಾಕಿತು. ಅಲ್ಲಿನ ಮುಖ್ಯಮಂತ್ರಿಗಳೀಗ ಹೆಚ್ಚು ಹೆರಿ ಎನ್ನುತ್ತಿದ್ದಾರೆ. ನಿನ್ನೆ ಬೇಡ, ಇವತ್ತು ಬೇಕು!

ನಮ್ಮ ಪಾಲಿಗೆ ಅನ್ಯಾಯವಾಗಿದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ "ಜನಸಂಖ್ಯೆ ತಡೆದ ನಮಗೆ ದಂಡವೇ" ಎಂದು ಕೇಳುವ ನಾಯಕರು, ತಡೆದವರು ಯಾರು ಎಂಬುದನ್ನೂ ಹೇಳಲಿ. ಇಪ್ಪತ್ತೈದು ತುಂಬುವ ಮೊದಲೇ ಆಪರೇಷನ್ ಮಾಡಿಸಿಕೊಂಡ ಎಷ್ಟೋ ಹೆಂಗಸರು ನಮ್ಮ ಹಳ್ಳಿಗಳಲ್ಲಿದ್ದಾರೆ. ದೆಹಲಿಯಿಂದ ಬಂದೀತೆಂದು ನಾವು ಕಾಯುವ ದುಡ್ಡಿನಲ್ಲಿ ಅವರ ತಾಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರ ಕುರ್ಚಿ ತುಂಬುತ್ತದೆಯೇ? ಅವರ ಹೆಣ್ಣುಮಕ್ಕಳು ಕೇಳಿದಾಗ ಮಾತ್ರೆಯೋ, ವಂಕಿಯೋ, ಇಂಜೆಕ್ಷನ್ನೋ ಕೈಗೆ ಸಿಗುತ್ತದೆಯೇ? ಬಜೆಟ್ ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತಿ ಎಂದು ನಿಮ್ಮ ಶಾಸಕರಿಗೆ ಒಂದು ಕಾಗದ ಬರೆಯಿರಿ.